ಕೊಲೆ ಜಗಲಿ ಮೇಲೆ, ಪ್ರೀತಿ ಕೊಟ್ಟಿಗೆ ಅಟ್ಟದಲ್ಲಿ

2025ರ ಸೆಪ್ಟೆಂಬರ್ 17, ಬುಧವಾರ. ನಮ್ಮ ಟೀಮಿನ ಟೆಸ್ಟಿಂಗ್ ಹುಡುಗಿ ಅರ್ಧ ದಿನ ರಜೆ ಹಾಕಿದಳು. ಜ್ವರ ಅಲ್ಲ, ಊರಲ್ಲಿ ಅಜ್ಜಿ ತೀರಿಕೊಂಡಿದ್ದೂ ಅಲ್ಲ. ಅವತ್ತು 'ದ ಸಮ್ಮರ್ ಐ ಟರ್ನ್ಡ್ ಪ್ರೆಟಿ' ಸೀರೀಸಿನ ಕೊನೇ ಕಂತು. ಮಾರನೇ ದಿನ ಕೆಫೆಟೇರಿಯಾದಲ್ಲಿ ಗುಟ್ಟು ಹೊರಬಿತ್ತು. ನಮ್ಮ ಸೀನಿಯರ್ ಆರ್ಕಿಟೆಕ್ಟ್ ಒಬ್ಬರು ಮುದ್ದೆ ಮುರೀತಾ "ಏನಮ್ಮಾ ಅದು ಕತೆ?" ಅಂದರು. ಪಾಪ, ಅವಳು ಹೇಳಿದಳು. ಬೆಲ್ಲಿ ಅಂತ ಒಬ್ಬ ಹುಡುಗಿ. ಪ್ರತಿ ಬೇಸಿಗೆಗೂ ಸಮುದ್ರದ ದಡದ ಒಂದು ಮನೆಗೆ ಹೋಗ್ತಾಳೆ. ಅಮ್ಮನ ಗೆಳತಿಯ ಮನೆ ಅದು. ಆ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು ಹುಡುಗರು. ಇವಳ ಮನಸ್ಸು ಒಮ್ಮೆ ಅತ್ತ, ಒಮ್ಮೆ ಇತ್ತ.

ಆರ್ಕಿಟೆಕ್ಟ್ ಸಾಹೇಬರು ಸಾರು ಸುರೀತಾ ನಕ್ಕರು. "ಯಾವ ಹುಡುಗ ಅಂತ ಒಂದು ಹುಡುಗಿ ತೀರ್ಮಾನ ಮಾಡೋಕೆ ಮೂರು ಪುಸ್ತಕ, ಮೂರು ಸೀಸನ್ನು! ಇದೂ ಒಂದು ಸಾಹಿತ್ಯವಾ?"

ಟೇಬಲ್ಲಿನ ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿ, ಸುಳ್ಳು ಯಾಕೆ. ಅವಳು ತಲೆ ತಗ್ಗಿಸಿ, "ಸುಮ್ನೆ ಟೈಂಪಾಸ್ ಸಾರ್" ಅಂದಳು.

ಆ 'ಟೈಂಪಾಸ್' ಅನ್ನೋ ಮಾತು ಅವತ್ತಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಹಾಕಿಕೊಂಡಿದೆ. ಇರೋ ಹನ್ನೆರಡು ರಜೆಯಲ್ಲಿ ಅರ್ಧ ರಜೆಯನ್ನು ಯಾರೂ ಟೈಂಪಾಸಿಗೆ ಕಳೆಯೋದಿಲ್ಲ. ಅವಳು ಅದನ್ನ ಪ್ರೀತಿಸಿದ್ದಳು. ಪ್ರೀತಿಸಿದ್ದನ್ನ ನಮ್ಮೆದುರು ಒಪ್ಪಿಕೊಳ್ಳೋಕೆ ನಾಚಿಕೆಯಾಯ್ತು, ಅಷ್ಟೇ. ನಾಚಿಕೆ ಹುಟ್ಟಿಸಿದ್ದು ನಾವು.

ಮಜಾ ಏನು ಗೊತ್ತಾ? ಇದೇ ಆರ್ಕಿಟೆಕ್ಟ್ ಸಾಹೇಬರು 'ಗೇಮ್ ಆಫ್ ಥ್ರೋನ್ಸ್'ನ ಎಂಟು ಸೀಸನ್ನೂ ನೋಡಿದವರು. ಸಿಂಹಾಸನದ ಮೇಲೆ ಯಾರು ಕೂರ್ತಾರೆ ಅಂತ ತೀರ್ಮಾನವಾಗೋಕೆ ಎಂಟು ಸೀಸನ್ನು ಕಾಯಬಹುದು. ಅಲ್ಲಿ ಹಾರಿದ ತಲೆಗಳ ಲೆಕ್ಕ ಅವರಿಗೆ ಬಾಯಿಪಾಠ. ಯಾರೂ ಅವರನ್ನ "ಇದೂ ಒಂದು ಸಾಹಿತ್ಯವಾ" ಅಂತ ಕೇಳಲಿಲ್ಲ. ಕುರ್ಚಿಗಾಗಿ ಕಡಿದಾಡಿದರೆ ಅದು ಮನುಷ್ಯ ಸ್ವಭಾವದ ಆಳವಾದ ಚಿತ್ರಣ. ಒಬ್ಬಳು ಹುಡುಗಿ ತನ್ನ ಮನಸ್ಸು ಯಾವ ಕಡೆ ಅಂತ ಹುಡುಕಿದರೆ ಅದು ಟೈಂಪಾಸ್.

ಸರಿ, ಯಾರಪ್ಪ ಇದನ್ನ ಬರೆದವರು ಅಂತ ಅವತ್ತು ರಾತ್ರಿ ಹುಡುಕೋಕೆ ಕೂತೆ. ಜೆನ್ನಿ ಹಾನ್. 1980ರಲ್ಲಿ ಹುಟ್ಟಿದ್ದು, ಬೆಳೆದದ್ದು ಅಮೆರಿಕದ ವರ್ಜೀನಿಯಾದ ರಿಚ್ಮಂಡ್ ಸೀಮೆಯಲ್ಲಿ. ಕೊರಿಯಾದಿಂದ ವಲಸೆ ಬಂದ ಅಪ್ಪ ಅಮ್ಮನ ಮಗಳು. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ಲಿನಲ್ಲಿ ಡಿಗ್ರಿ, ಆಮೇಲೆ ನ್ಯೂಯಾರ್ಕಿನಲ್ಲಿ ಮಕ್ಕಳ ಸಾಹಿತ್ಯ ಬರೆಯೋದನ್ನೇ ಓದಿದವರು. ಹೌದು ಸ್ವಾಮಿ, ಅದಕ್ಕೂ ಓದು ಬೇಕು. ಸಾಫ್ಟ್‌ವೇರಿಗೆ ಮಾತ್ರ ಅಲ್ಲ.

ಮೊದಲ ಪುಸ್ತಕ 'ಶಗ್' 2006ರಲ್ಲಿ ಬಂತು. ಹನ್ನೆರಡು ವರ್ಷದ ಆನ್‌ಮೇರಿ ಅನ್ನೋ ಹುಡುಗಿ. ಜತೆಗೇ ಆಡಿ ಬೆಳೆದ ಹುಡುಗನ ಮೇಲೆ ಇದ್ದಕ್ಕಿದ್ದ ಹಾಗೆ ಬೇರೆ ಥರದ ಪ್ರೀತಿ ಮೂಡುತ್ತೆ, ಮನೆಯಲ್ಲಿ ಅಮ್ಮ ಕುಡೀತಾಳೆ. ಆ ಪುಸ್ತಕ ಬಂದಾಗ ಜಗತ್ತೇನೂ ತಲೆಕೆಳಗಾಗಲಿಲ್ಲ. ಮುಂದೆ 2009, 2010, 2011, ಮೂರು ವರ್ಷ ಮೂರು ಪುಸ್ತಕ. ಅದೇ ಬೆಲ್ಲಿಯ ಬೇಸಿಗೆ ಕತೆ. ನಡುವೆ ಪುಟ್ಟ ಮಕ್ಕಳಿಗೆ ಇನ್ನೊಂದು. ಆಮೇಲೆ ಗೆಳತಿಯೊಬ್ಬರ ಜತೆ ಸೇರಿ ಮೂರು. 2014ರಲ್ಲಿ 'ಟು ಆಲ್ ದ ಬಾಯ್ಸ್ ಐವ್ ಲವ್ಡ್ ಬಿಫೋರ್'. 2015 ಮತ್ತು 2017ರಲ್ಲಿ ಅದರ ಮುಂದುವರಿಕೆ. ಸಿನಿಮಾ ಬಂದಿದ್ದು 2018ರ ಆಗಸ್ಟಿನಲ್ಲಿ.

2006ರಿಂದ 2018. ಹನ್ನೆರಡು ವರ್ಷ. ನಮ್ಮಲ್ಲಿ ಎರಡು ವರ್ಷಕ್ಕೆ ಪ್ರಮೋಷನ್ ಬರದಿದ್ರೆ ರೆಸ್ಯೂಮೆ ತಿದ್ದೋಕೆ ಕೂರ್ತೀವಿ.

ಈಗ ಅಸಲು ವಿಷಯಕ್ಕೆ ಬರ್ತೀನಿ. 2018ರಲ್ಲಿ ಸಿನಿಮಾ ಬಿಡುಗಡೆಯಾದ ದಿನ ಜೆನ್ನಿ ಹಾನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ಅದರಲ್ಲಿ ಹೇಳಿದ ಸಂಗತಿ ಇದು. 2014ರಲ್ಲಿ ಪುಸ್ತಕ ಅಚ್ಚಾಗಿ ಹೊರಬರೋಕೂ ಮುಂಚೆಯೇ ಸಿನಿಮಾ ಮಾಡ್ತೀವಿ ಅಂತ ಜನ ಬಂದಿದ್ದರು. ಕತೆಯ ನಾಯಕಿ ಲಾರಾ ಜೀನ್ ಸಾಂಗ್ ಕವಿ. ಅಮ್ಮ ಕೊರಿಯನ್, ಅಪ್ಪ ಬಿಳಿಯ. ಈ ಪಾತ್ರಕ್ಕೆ ಏಷ್ಯನ್ ಅಮೆರಿಕನ್ ಹುಡುಗಿಯೇ ಬೇಕು ಅಂತ ಈಕೆ ಹೇಳಿದ ಕೂಡಲೇ ಬಂದವರ ಉತ್ಸಾಹ ಇಳಿದುಹೋಯ್ತು. ಪಾತ್ರದ ಆತ್ಮ ಹಿಡಿದರೆ ಸಾಕಲ್ಲ, ಜನಾಂಗ ಯಾವುದಾದರೇನು ಅಂತ ಒಬ್ಬ ನಿರ್ಮಾಪಕರು ಕೇಳಿದರಂತೆ. ಅವಳ ಆತ್ಮವೇ ಏಷ್ಯನ್ ಅಮೆರಿಕನ್ ಅಂತ ಈಕೆ ಉತ್ತರ ಕೊಟ್ಟರು. ಮಾತುಕತೆ ಅಲ್ಲಿಗೆ ಮುಗೀತು. ಕೊನೆಗೆ ಈ ಒಂದು ಷರತ್ತಿಗೆ ಒಪ್ಪಿದ ಸಂಸ್ಥೆ ಒಂದೇ ಒಂದು. ಸಿನಿಮಾ ಅವರಿಗೇ ಹೋಯ್ತು.

ಐಟಿಯಲ್ಲಿ ಇರೋರಿಗೆ ಈ ಪ್ರಸಂಗ ಬಿಡಿಸಿ ಹೇಳೋದೇ ಬೇಡ. ಕ್ಲೈಂಟು ಕಾಲ್‌ನಲ್ಲಿ ಹೇಳ್ತಾನಲ್ಲ, "ಜಸ್ಟ್ ಒಂದು ಸಣ್ಣ ಚೇಂಜ್, ಒಂದೇ ಒಂದು ಫೀಲ್ಡು ತೆಗೀರಿ, ಮಿಕ್ಕಿದ್ದೆಲ್ಲ ಹಾಗೇ ಇರ್ಲಿ" ಅಂತ. ನೋಡಿದ್ರೆ ಆ ಫೀಲ್ಡೇ ಪ್ರೈಮರಿ ಕೀ. ಅದನ್ನ ತೆಗೆದರೆ ಉಳಿದ ನಲವತ್ತು ಟೇಬಲ್ಲಿಗೂ ತಾವು ಯಾರ ಮಕ್ಕಳು ಅಂತ ಗೊತ್ತಿರಲ್ಲ. ಆದರೂ ನಾವು ಏನು ಮಾಡ್ತೀವಿ? "ಶೂರ್, ವಿ ವಿಲ್ ಲುಕ್ ಇನ್‌ಟು ಇಟ್" ಅಂತೀವಿ. ರಾತ್ರಿ ಹನ್ನೊಂದರ ತನಕ ಕೂತು ತೆಗೀತೀವಿ.

ನಾನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು. ಕೆಲಸಕ್ಕೆ ಸೇರಿದ ಮೊದಲ ವರ್ಷ ಆ ಕಡೆಯ ಮ್ಯಾನೇಜರಿಗೆ ನನ್ನ ಹೆಸರು ಹೊರಳಲಿಲ್ಲ. ಅವನು ಏನೂ ಕೇಳಿರಲಿಲ್ಲ. ನಾನೇ ಮೇಲೆ ಬಿದ್ದು, ಅಜ್ಜ ಇಟ್ಟ ನಾಲ್ಕಕ್ಷರದ ಹೆಸರಲ್ಲಿ ಎರಡಕ್ಷರ ಕತ್ತರಿಸಿ ಕೊಟ್ಟೆ. ಹದಿನಾಲ್ಕು ವರ್ಷವಾಯ್ತು. ಈಗ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರೂ ಆ ಅರ್ಧ ಹೆಸರಲ್ಲೇ ಕರೀತಾರೆ. ಊರಿಗೆ ಹೋದಾಗ ಯಾರಾದ್ರೂ ಪೂರ್ತಿ ಹೆಸರು ಕೂಗಿದರೆ ಒಂದು ಕ್ಷಣ ತಡವಾಗಿ ತಿರುಗ್ತೀನಿ.

ಹಾಗಾಗಿ 'ಹದಿಹರೆಯದ ಹುಡುಗಿಯರಿಗೆ ಪ್ರೇಮಕತೆ ಬರೆಯೋಳು' ಅಂತ ಜೆನ್ನಿ ಹಾನ್ ಬಗ್ಗೆ ಮೂಗು ಮುರಿಯೋರನ್ನ ನಾನು ಕೇಳಬೇಕಾಗಿರೋದು ಇಷ್ಟೇ. ನಾವು ಯಾವಾಗ, ಯಾರಿಗೆ, ಏನು ಕಳೆದುಕೊಳ್ಳೋ ಅಪಾಯ ಇಟ್ಟುಕೊಂಡು 'ಆಗಲ್ಲ' ಅಂದಿದ್ದೀವಿ? ಹಾಲಿವುಡ್ ಸಿನಿಮಾ ಕೈತಪ್ಪಬಹುದಾಗಿದ್ದಾಗ ಆಕೆ ಆಗಲ್ಲ ಅಂದರು. ಅದೂ ಗೆದ್ದು ಮೇಲೆ ಬಂದಮೇಲೆ ಅಲ್ಲ, ಗೆಲ್ಲೋಕೂ ಮುಂಚೆ. ಗೆದ್ದಮೇಲೆ ಆದರ್ಶ ಮಾತಾಡೋರು ಊರ ತುಂಬ ಸಿಗ್ತಾರೆ.

ಅದು ಒಬ್ಬರ ಹಠ ಮಾತ್ರ ಅಲ್ಲ, ಇಡೀ ವ್ಯವಸ್ಥೆಯೇ ಹಾಗಿತ್ತು ಅನ್ನೋದಕ್ಕೆ ಇನ್ನೊಂದು ಉದಾಹರಣೆ. ಲಾರಾ ಜೀನ್ ಸಿನಿಮಾ ಬಂದ ಅದೇ ವಾರ 'ಕ್ರೇಜಿ ರಿಚ್ ಏಷ್ಯನ್ಸ್' ಕೂಡ ಬಂತು. ಅದರ ಕಾದಂಬರಿಕಾರ ಕೆವಿನ್ ಕ್ವಾನ್ ಅವರಿಗೂ ಒಬ್ಬ ನಿರ್ಮಾಪಕರು ನಾಯಕಿಯನ್ನ ಬಿಳಿಯಳನ್ನಾಗಿ ಮಾಡಿ ಅಂದಿದ್ದರಂತೆ. ಸಿಂಗಪುರದ ಚೀನೀ ಮನೆತನಗಳ ಕತೆ ಅದು! ಅತ್ತೆ ಮನೆಯ ಕತೆಯಲ್ಲಿ ಸೊಸೆಯನ್ನೇ ಬದಲಾಯಿಸಿ ಅಂದ ಹಾಗಾಯ್ತು. ಅವರೂ ಒಪ್ಪಲಿಲ್ಲ. ಆದರೆ ನೋಡಿ, ಕ್ವಾನ್ ಬಗ್ಗೆ ಮಾತಾಡುವಾಗ ವಿಡಂಬನೆ, ವರ್ಗ, ಸಂಪತ್ತು ಅಂತ ದೊಡ್ಡ ದೊಡ್ಡ ಶಬ್ದ ಬರ್ತಾವೆ. ಹಾನ್ ಬಗ್ಗೆ ಬಂದಾಗ 'ಕ್ಯೂಟ್' ಅನ್ನೋ ಒಂದೇ ಶಬ್ದ.

ಇಷ್ಟೆಲ್ಲ ತಿಳಿದಮೇಲೆ ಪುಸ್ತಕ ಓದದೆ ಮಾತಾಡಬಾರದು ಅಂತ ಆ 2014ರ ಕಾದಂಬರಿ ತರಿಸಿ ಮೆಟ್ರೋದಲ್ಲಿ ಓದಿದೆ. ಮೊದಲ ಎರಡು ದಿನ ರಟ್ಟು ಕಾಣದ ಹಾಗೆ ಮಡಿಲಲ್ಲಿ ಕವುಚಿ ಹಿಡಿದಿದ್ದೆ ಅನ್ನೋದನ್ನೂ ಹೇಳಿಬಿಡ್ತೀನಿ. ಮೂವತ್ತಾರು ವರ್ಷದ ಗಂಡಸು, ಕೊರಳಲ್ಲಿ ಕಂಪನಿ ಟ್ಯಾಗು, ಕೈಯಲ್ಲಿ ಹಾಸಿಗೆ ಮೇಲೆ ಬೋರಲು ಮಲಗಿ ಪತ್ರ ಬರೀತಿರೋ ಹುಡುಗಿಯ ಚಿತ್ರದ ಪುಸ್ತಕ. ಆ ರಟ್ಟಿನ ಮೇಲಿರೋ ಹುಡುಗಿಯೂ ಏಷ್ಯನ್ನೇ. ಅಂಗಡಿಯಲ್ಲಿ ಸಾಲಾಗಿ ಇಟ್ಟ ಹದಿಹರೆಯದ ಪುಸ್ತಕಗಳ ನಡುವೆ ಅಂಥ ಮುಖ 2014ರಲ್ಲಿ ಎಷ್ಟು ಅಪರೂಪ ಅನ್ನೋದು ಬಿಳಿ ಮುಖಗಳನ್ನೇ ನೋಡಿ ಬೆಳೆದ ಓದುಗಿಗೆ ಗೊತ್ತಿರುತ್ತೆ.

ಕತೆ ಬಹಳ ಜನಕ್ಕೆ ಗೊತ್ತು. ಲಾರಾ ಜೀನ್ ತಾನು ಮನಸ್ಸಲ್ಲೇ ಪ್ರೀತಿಸಿದ ಐದು ಹುಡುಗರಿಗೆ ಐದು ಪತ್ರ ಬರೆದು ಅಮ್ಮ ಕೊಟ್ಟ ಟೋಪಿ ಡಬ್ಬಿಯಲ್ಲಿ ಇಟ್ಟಿರ್ತಾಳೆ. ಕಳಿಸೋಕೆ ಬರೆದದ್ದಲ್ಲ, ಮರೆಯೋಕೆ ಬರೆದದ್ದು. ಒಂದು ದಿನ ಆ ಪತ್ರಗಳು ಅವರವರ ವಿಳಾಸಕ್ಕೆ ಹೋಗಿಬಿಡ್ತಾವೆ. ಅದರಲ್ಲೊಂದು ಪಕ್ಕದ ಮನೆ ಹುಡುಗ ಜಾಶ್‌ಗೆ. ಅವನು ಅಕ್ಕ ಮಾರ್ಗೋಳ ಗೆಳೆಯನಾಗಿದ್ದವನು. ಮುಖ ಉಳಿಸಿಕೊಳ್ಳೋಕೆ ಇವಳು ಪೀಟರ್ ಕವಿನ್ಸ್ಕಿ ಅನ್ನೋ ಇನ್ನೊಬ್ಬ ಹುಡುಗನ ಜತೆ ಸುಳ್ಳು ಪ್ರೇಮದ ಒಪ್ಪಂದ ಮಾಡಿಕೊಳ್ತಾಳೆ. ಹಾನ್ ತಾವೂ ಆ ವಯಸ್ಸಲ್ಲಿ ಹೀಗೆ ಕಳಿಸದ ಪತ್ರ ಬರೀತಿದ್ದರಂತೆ.

ಇಲ್ಲಿಯ ತನಕ ಕೇಳಿದರೆ ಆರ್ಕಿಟೆಕ್ಟ್ ಸಾಹೇಬರು ಹೇಳಿದ ಹಾಗೇ ಇದೆ. ಆದರೆ ನನ್ನನ್ನ ನಿಲ್ಲಿಸಿದ್ದು ಪ್ರೇಮದ ಭಾಗ ಅಲ್ಲ. ಅದರಲ್ಲಿ ಹ್ಯಾಲೊವೀನ್ ಹಬ್ಬದ ಒಂದು ಸಣ್ಣ ಸಂಗತಿ ಬರುತ್ತೆ. ಲಾರಾ ಜೀನ್ ಹಿಂದೊಮ್ಮೆ 'ಸ್ಕೂಬಿ ಡೂ' ಕಾರ್ಟೂನಿನ ವೆಲ್ಮಾ ವೇಷ ಹಾಕಿರ್ತಾಳೆ. ಏನು ಹಾಕಿದರೂ ಜನ ನೀನು ಜಪಾನೀ ಕಾಮಿಕ್ಸಿನ ಪಾತ್ರವಾ ಅಂತ ಕೇಳ್ತಾರೆ. ಅದಕ್ಕೇ ಇನ್ಮೇಲೆ ಏಷ್ಯನ್ ಪಾತ್ರದ ವೇಷ ಮಾತ್ರ ಹಾಕೋದು ಅಂತ ತೀರ್ಮಾನ ಮಾಡಿಕೊಂಡಿರ್ತಾಳೆ. ಲೇಖಕಿ ಇದರ ಬಗ್ಗೆ ಭಾಷಣ ಮಾಡಲ್ಲ. ಅಳಿಸೋಕೂ ಹೋಗಲ್ಲ. ತಮಾಷೆಯಲ್ಲಿ ಹೇಳಿ ಮುಂದೆ ಹೋಗ್ತಾರೆ. ಮುಖ ಒಂದು ಪಂಜರ ಆಗೋದು ಹೇಗೆ ಅಂತ ಹದಿನಾರು ವರ್ಷದ ಹುಡುಗಿಗೆ ಅರ್ಥವಾಗೋ ಮಾತಲ್ಲಿ ನಾಲ್ಕೇ ಸಾಲು. ನಾನು ಈ ವಿಷಯದ ಮೇಲೆ ಕಂಪನಿಯಲ್ಲಿ ಎರಡು ಗಂಟೆಯ ಕಡ್ಡಾಯ ಟ್ರೈನಿಂಗ್ ತಗೊಂಡಿದ್ದೀನಿ, ಕೊನೆಯಲ್ಲಿ ಕ್ವಿಜ್ ಸಮೇತ. ಆ ನಾಲ್ಕು ಸಾಲಿನಷ್ಟೂ ತಲೆಗೆ ಹೋಗಿರಲಿಲ್ಲ.

ಇನ್ನೊಂದು, ಸತ್ತುಹೋದ ಅಮ್ಮ. ಮೂವರು ಹೆಣ್ಣುಮಕ್ಕಳನ್ನ ಸಾಕೋ ಬಿಳಿಯ ಅಪ್ಪ. ಅವರು ಸ್ತ್ರೀರೋಗ ತಜ್ಞರು. ಹೆಂಡತಿಯ ಕಡೆಯ ಅಡುಗೆ, ರೂಢಿ ಮಕ್ಕಳಿಗೆ ತಪ್ಪಿಹೋಗಬಾರದು ಅಂತ ತಮಗೆ ಬರದ ಕೊರಿಯನ್ ಅಡುಗೆಯನ್ನ ಆಗಾಗ ಮಾಡೋಕೆ ಹೋಗ್ತಾರೆ. ಯಾವ ಹುಡುಗ ಅನ್ನೋದಕ್ಕಿಂತ ಅಕ್ಕ ದೂರದ ಊರಿಗೆ ಓದೋಕೆ ಹೋದಮೇಲೆ ಮನೆಯಲ್ಲಿ ಅವಳ ಜಾಗ ಯಾರು ತುಂಬ್ತಾರೆ ಅನ್ನೋದೇ ಈ ಕಾದಂಬರಿಯ ನಿಜವಾದ ಚಿಂತೆ ಅಂತ ನನಗನ್ನಿಸ್ತು. ಹಾಸ್ಟೆಲ್ಲಿಗೆ ಹೋದ ಅಕ್ಕ ಇರೋ ಯಾರಿಗೇ ಆದ್ರೂ ಇದು ತಟ್ಟಬೇಕು. ಓದಿದರೆ ತಾನೇ ತಟ್ಟೋದು.

ಓದದೇ ತೀರ್ಪು ಕೊಡೋ ಚಾಳಿ ನಮ್ಮ ಕೆಫೆಟೇರಿಯಾದ್ದು ಮಾತ್ರ ಅಲ್ಲ. 2014ರಲ್ಲೇ 'ಸ್ಲೇಟ್' ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು, ಮಕ್ಕಳಿಗಾಗಿ ಬರೆದದ್ದನ್ನ ಓದೋ ದೊಡ್ಡವರು ನಾಚಿಕೊಳ್ಳಬೇಕು ಅಂತ. ಅದಕ್ಕೆ ಬಹಳ ಗಲಾಟೆ ಆಯ್ತು. ನ್ಯಾಯವಾಗಿ ಹೇಳಬೇಕೆಂದ್ರೆ ಆ ಲೇಖಕಿ ಓದಿಯೇ ಬರೆದಿದ್ದರು, ನಮ್ಮ ಸಾಹೇಬರ ಹಾಗಲ್ಲ. ಅದು ಬಂದ ಕಾಲಕ್ಕೆ ಜಾನ್ ಗ್ರೀನ್ ಅವರ 'ದ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಸಿನಿಮಾ ಆಗಿ ತೆರೆಗೆ ಬರ್ತಿತ್ತು. ಕ್ಯಾನ್ಸರ್ ಬಂದ ಹುಡುಗಿಯ ಪ್ರೇಮಕತೆ ಅದು. ಒಳ್ಳೇ ಪುಸ್ತಕ, ತಕರಾರಿಲ್ಲ. ಆ ವರ್ಷ 'ಟೈಮ್' ಪತ್ರಿಕೆ ಗ್ರೀನ್ ಅವರನ್ನ ಜಗತ್ತಿನ ನೂರು ಪ್ರಭಾವಿಗಳ ಪಟ್ಟಿಗೆ ಸೇರಿಸಿತು. ಹದಿಹರೆಯದ ಹುಡುಗಿಯ ಪ್ರೀತಿಯನ್ನ ಗಂಡಸು ಬರೆದರೆ ಅದು ಬದುಕು ಸಾವಿನ ಚಿಂತನೆ. ಅದನ್ನೇ ಹೆಂಗಸು ಬರೆದರೆ ಗುಲಾಬಿ ಬಣ್ಣದ ರಟ್ಟು. ಬೆಲ್ಲಿ ಕತೆಯಲ್ಲೂ ಕ್ಯಾನ್ಸರ್ ಇದೆ ಸ್ವಾಮಿ. ಆ ಇಬ್ಬರು ಹುಡುಗರ ಅಮ್ಮ ಸೂಸನ್ನಾಗೆ. ಸಾಯೋ ಗೆಳತಿಯನ್ನ ನೋಡ್ಕೊಳ್ಳೋ ಬೆಲ್ಲಿಯ ಅಮ್ಮ ಆ ಕತೆಯ ಅರ್ಧ ಭಾರ ಹೊತ್ತಿದ್ದಾಳೆ. ಅದನ್ನ ಯಾರೂ ಹೇಳಲ್ಲ. ಯಾವ ಹುಡುಗ, ಯಾವ ಹುಡುಗ ಅಂತಷ್ಟೇ.

ಇದು ಇವತ್ತಿನ ರೋಗವೂ ಅಲ್ಲ. 1967ರಲ್ಲಿ 'ದ ಔಟ್‌ಸೈಡರ್ಸ್' ಬರೆದ ಸೂಸನ್ ಎಲೊಯಿಸ್ ಹಿಂಟನ್ ಅವರ ಹೆಸರನ್ನ ಪ್ರಕಾಶಕರು 'ಎಸ್.ಇ. ಹಿಂಟನ್' ಅಂತ ಹಾಕಿಸಿದರು. ಹೆಂಗಸಿನ ಹೆಸರು ಕಂಡರೆ ಗಂಡಸು ವಿಮರ್ಶಕರು ಮೊದಲೇ ಮುಖ ತಿರುಗಿಸ್ತಾರೆ ಅನ್ನೋ ಭಯ. ಅವರದ್ದೂ ಅರ್ಧ ಹೆಸರೇ, ನನ್ನದರ ಹಾಗೆ.

ಹಾಗಂತ ಹಾನ್ ಬರೆದದ್ದೆಲ್ಲ ದೇವರ ಪ್ರಸಾದ ಅಂತ ಕಣ್ಣಿಗೊತ್ತಿಕೊಳ್ಳೋ ಪೈಕಿ ನಾನಲ್ಲ. ಲಾರಾ ಜೀನ್ ಪತ್ರ ಬರೆದ ಐದು ಹುಡುಗರಲ್ಲಿ ಒಬ್ಬನೂ ಏಷ್ಯನ್ ಅಲ್ಲ. ನಾಯಕಿಯ ಮುಖಕ್ಕೆ ಅಷ್ಟು ಜಗಳ ಆಡಿದವರು ಇದನ್ನ ಯಾಕೆ ನೋಡಲಿಲ್ಲ ಅಂತ ಅಲ್ಲಿನ ಓದುಗರೇ ಕೇಳಿದರು. ಸರಿಯಾದ ಪ್ರಶ್ನೆ. ಸಮುದ್ರದ ದಡದಲ್ಲಿ ಅಷ್ಟು ದೊಡ್ಡ ಮನೆ ಇಟ್ಕೊಂಡಿರೋ ಜನರ ದುಃಖಕ್ಕೆ ಎಷ್ಟು ಕಣ್ಣೀರು ಹಾಕೋದು ಅಂತ ನನಗೂ ಒಂದೆರಡು ಕಡೆ ಅನ್ನಿಸ್ತು. ನಮ್ಮಪ್ಪನ ಒಂದೂವರೆ ಎಕರೆ ಅಡಿಕೆ ತೋಟದ ಸಾಲ ತೀರಿದ್ದು ನನ್ನ ನಾಲ್ಕನೇ ವರ್ಷದ ಬೋನಸ್ಸಿನಲ್ಲಿ. ಇನ್ನು ಸೀರೀಸಿನ ಅಭಿಮಾನಿಗಳು ಆ ಅಣ್ಣ ತಮ್ಮನ ಪಕ್ಷ ಕಟ್ಟಿಕೊಂಡು ನಟನಟಿಯರಿಗೆ ಎಷ್ಟು ಕಾಟ ಕೊಟ್ಟರೆಂದ್ರೆ, ಪಾತ್ರಗಳು ಸುಳ್ಳು, ಆದರೆ ಅವನ್ನ ಮಾಡ್ತಿರೋರು ನಿಜವಾದ ಮನುಷ್ಯರು ಕಣ್ರಪ್ಪಾ ಅಂತ ಸೀರೀಸಿನವರೇ ಬೇಡಿಕೊಳ್ಳಬೇಕಾಯ್ತು. ಇವೆಲ್ಲ ಇದೆ. ಇದು ಓದಿದವರ, ನೋಡಿದವರ ತಕರಾರು. ಇದಕ್ಕೆ ಬೆಲೆ ಇದೆ.

ಇನ್ನೊಂದು ಮಾತು ಬಿಟ್ಟರೆ ತಪ್ಪಾಗುತ್ತೆ. 2009ರ ಪುಸ್ತಕದಲ್ಲಿ ಬೆಲ್ಲಿ ಕೊರಿಯನ್ ಮೂಲದವಳು ಅಂತ ಇರಲಿಲ್ಲ. 2022ರಲ್ಲಿ ಅದು ಸೀರೀಸ್ ಆಗುವಾಗ ಹಾನ್ ತಾವೇ ಶೋರನ್ನರ್‌ಗಳಲ್ಲಿ ಒಬ್ಬರಾಗಿ ಕೂತು, ಬೆಲ್ಲಿಯ ಅಮ್ಮನನ್ನ ಕೊರಿಯನ್ ಅಮೆರಿಕನ್ ಮಾಡಿದರು. ಹದಿಮೂರು ವರ್ಷದ ಹಿಂದಿನ ತನ್ನದೇ ಕೋಡನ್ನ ತೆಗೆದು ಸರಿ ಮಾಡಿದ ಹಾಗೆ. ಪ್ರೊಡಕ್ಷನ್ನಿನಲ್ಲಿ ಓಡ್ತಿರೋದನ್ನ ಮುಟ್ಟೋ ಧೈರ್ಯ ಎಷ್ಟು ಜನಕ್ಕಿದೆ? ಈಗ ಅದೇ ಕತೆ ಸಿನಿಮಾ ಆಗ್ತಿದೆಯಂತೆ. ಅದನ್ನ ಬರೆಯೋರೂ ನಿರ್ದೇಶಿಸೋರೂ ಅವರೇ.

ಬೆಲ್ಲಿ ಕೊನೆಗೆ ಯಾರನ್ನ ಆರಿಸಿದಳು ಅಂತ ನಾನು ಇಲ್ಲಿ ಹೇಳಲ್ಲ. ನನ್ನ ಕೋಡ್ ಟೆಸ್ಟ್ ಮಾಡೋದು ಅದೇ ಹುಡುಗಿ.

ಇಷ್ಟು ಬಿಸಿ ಯಾಕೆ ಮಾರಾಯಾ, ಯಾವುದೋ ದೇಶದ ಯಾರೋ ಲೇಖಕಿ ಅಂತ ನೀವು ಕೇಳಬಹುದು. ಕಾರಣ ನಮ್ಮನೆಯಲ್ಲೇ ಇದೆ.

ನಮ್ಮೂರು ಹೊಸನಗರದ ಆಚೆ, ಬಸ್ಸಿಳಿದು ಎರಡು ಮೈಲಿ ನಡೀಬೇಕು. ಅಪ್ಪನಿಗೆ ಓದೋ ಹುಚ್ಚು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಅಂದ್ರೆ ಊಟ ಬೇಡ. ಜಗಲಿಯ ಮೇಲೆ, ಎಲೆ ಅಡಿಕೆ ತಟ್ಟೆಯ ಪಕ್ಕದಲ್ಲೇ ಆ ಪುಸ್ತಕಗಳು ಬಿದ್ದಿರ್ತಿದ್ದವು. ಬಂದವರೂ ಎತ್ತಿಕೊಂಡು ನಾಲ್ಕು ಪುಟ ಓದ್ತಿದ್ದರು. ಯಾರು ಕೊಂದಿದ್ದು, ಹೇಗೆ ಕೊಂದಿದ್ದು ಅಂತ ಜಗಲಿಯಲ್ಲಿ ಬಹಿರಂಗ ಚರ್ಚೆ. ನಾನು ನಾಲ್ಕನೇ ಕ್ಲಾಸಿಗೇ ಅವನ್ನೆಲ್ಲ ಓದಿದ್ದೆ, ಯಾರೂ ಬೈಲಿಲ್ಲ. ಹುಡುಗ ಜಾಣ ಅಂದರು.

ಅಕ್ಕ ಪಿಯುಸಿಗೆ ಪೇಟೆಗೆ ಹೋಗ್ತಿದ್ದಳು. ಅಲ್ಲಿ ಬಾಡಿಗೆಗೆ ಪುಸ್ತಕ ಕೊಡೋ ಒಂದು ಸಣ್ಣ ಅಂಗಡಿ. ತ್ರಿವೇಣಿ, ಉಷಾ ನವರತ್ನರಾಂ, ಸಾಯಿಸುತೆ, ಸಿಕ್ಕಿದ್ದನ್ನೆಲ್ಲ ತರ್ತಿದ್ದಳು. ಬಸ್ಸಿಗೆ ಕೊಟ್ಟ ದುಡ್ಡಲ್ಲಿ ಉಳಿಸಿ, ಒಂದು ಸ್ಟಾಪು ಮೊದಲೇ ಇಳಿದು ನಡೆದು. ಆ ಪುಸ್ತಕಗಳಿಗೆ ಜಗಲಿಯ ಭಾಗ್ಯ ಇರಲಿಲ್ಲ. ಕೊಟ್ಟಿಗೆ ಅಟ್ಟದಲ್ಲಿ ಒಣಹುಲ್ಲಿನ ಹೊರೆಯ ಹಿಂದೆ ಇರ್ತಿದ್ದವು. ಹಾಲು ಕರೆಯೋಕೆ ಹೋದೋಳು ಅರ್ಧ ಗಂಟೆ ಬರ್ತಿರಲಿಲ್ಲ.

ಒಂದು ಮಳೆಗಾಲದ ಸಂಜೆ ನಾನು ಅಪ್ಪನಿಗೆ ಹೇಳಿಬಿಟ್ಟೆ. ನನಗಾಗ ಹತ್ತು ವರ್ಷ. ಯಾಕೆ ಹೇಳಿದೆ? ದೊಡ್ಡ ಕಾರಣ ಏನೂ ಇಲ್ಲ. ಅವತ್ತು ಹಲಸಿನ ಹಪ್ಪಳ ನನಗೆ ಒಂದು ಕಡಿಮೆ ಕೊಟ್ಟಿದ್ದಳು. ಅಪ್ಪ ಹೊಡೆಯೋ ಮನುಷ್ಯನಲ್ಲ, ಬೈಯಲೂ ಇಲ್ಲ. ಏಣಿ ಹತ್ತಿ ಪುಸ್ತಕ ತಂದು, ನಾಲ್ಕು ಪುಟ ಮಗುಚಿ, ಬಚ್ಚಲ ಒಲೆಗೆ ಹಾಕಿದರು. "ಇದೆಲ್ಲ ಓದಿದ್ರೆ ತಲೆ ಕೆಡ್ತದೆ" ಅಂತ ಅಷ್ಟೇ ಅಂದು, ಜಗಲಿಗೆ ಬಂದು ತಮ್ಮ ಕೊಲೆ ಮುಂದುವರಿಸಿದರು. ಆ ರಾತ್ರಿ ಅದೇ ಬಿಸಿನೀರಲ್ಲಿ ನಾನು ಸ್ನಾನ ಮಾಡಿದೆ.

ಅಂಗಡಿಯವನಿಗೆ ಪುಸ್ತಕದ ದುಡ್ಡು ಕಟ್ಟೋಕೆ ಅಕ್ಕನಿಗೆ ಮೂರು ತಿಂಗಳು ಬೇಕಾಯ್ತು. ಆಮೇಲೆ ಅವಳು ಪುಸ್ತಕ ತರಲಿಲ್ಲ. ಡಿಗ್ರಿಗೆ ಕಳಿಸಲಿಲ್ಲ, ಹತ್ತೊಂಬತ್ತಕ್ಕೆ ಮದುವೆ. ನನ್ನನ್ನ ಬಿ.ಇ.ಗೆ ಕಳಿಸಿದರು. ಒಂದಕ್ಕೊಂದು ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ಒಂದೇ ಮನೆಯಲ್ಲಿ, ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದ ಎರಡು ಲೆಕ್ಕ ಅವು.

ಈ ಬೇಸಿಗೆ ರಜೆಗೆ ಅಕ್ಕನ ಮಗಳು ಶಿವಮೊಗ್ಗದಿಂದ ನಮ್ಮನೆಗೆ ಬಂದಿದ್ದಳು. ಹದಿನಾಲ್ಕು ವರ್ಷ. ಅಕ್ಕನೂ ಜತೆಗಿದ್ದಳು. ಹುಡುಗಿ ಸೋಫಾ ಮೇಲೆ ಕಾಲು ಚಾಚಿ ಯಾವುದೋ ಇಂಗ್ಲಿಷ್ ಕಾದಂಬರಿ ಓದ್ತಿದ್ದಳು, ರಟ್ಟಿನ ಮೇಲೆ ಮುದ್ದಾದ ಅಕ್ಷರ. ನಾನು ಸುಮ್ಮನಿರೋದು ಬಿಟ್ಟು, "ಏನೇ ಅದು, ಒಳ್ಳೇದೇನಾದ್ರೂ ಓದಬಾರದಾ" ಅಂತ ಬಾಯಿ ತೆಗೆದೆ. ಅಪ್ಪನ ದನಿಯೇ ಹೊರಗೆ ಬಂತು. ಅಡುಗೆಮನೆಯಿಂದ ಅಕ್ಕ ಒಂದು ಸಲ ನನ್ನ ಕಡೆ ನೋಡಿದಳು. ಏನೂ ಅನ್ನಲಿಲ್ಲ. ಒಗ್ಗರಣೆಗೆ ಸಾಸಿವೆ ಹಾಕಿದಳು.

ಮರುದಿನ ಪ್ರಾಯಶ್ಚಿತ್ತಕ್ಕೆ ಅಂತ ಹುಡುಗಿಗೆ ಕನ್ನಡದಲ್ಲಿ ಇಂಥದ್ದೇ ಏನಾದ್ರೂ ಕೊಡಿಸೋಣ ಅಂತ ಒಂದು ದೊಡ್ಡ ಪುಸ್ತಕದಂಗಡಿಗೆ ಹೋದೆ. ಹದಿನಾಲ್ಕು ವರ್ಷದವರಿಗೆ ಕಾದಂಬರಿ ಕೊಡಿ ಅಂದೆ. ಕೌಂಟರಿನವರು ಒಂದು ಕೈಯಲ್ಲಿ ಪಂಚತಂತ್ರ, ಇನ್ನೊಂದು ಕೈಯಲ್ಲಿ ಆರುನೂರು ಪುಟದ ಭೈರಪ್ಪ ಎತ್ತಿ ತೋರಿಸಿದರು. ಮಾತಾಡೋ ನರಿ ಬೇಡ ಅಂದಮೇಲೆ ಸೀದಾ ತತ್ತ್ವಜಿಜ್ಞಾಸೆ. ನಡುವಿನ ಎಂಟು ವರ್ಷ ನಮ್ಮ ಮಕ್ಕಳು ಎಲ್ಲಿ ಹೋಗಬೇಕು? ಇಂಗ್ಲಿಷಿಗೆ ಹೋಗ್ತಾರೆ. ಹೋದವರು ವಾಪಸ್ ಬರಲ್ಲ. ಆಮೇಲೆ ನವೆಂಬರ್ ಬಂದಾಗ ಈಗಿನ ಮಕ್ಕಳು ಕನ್ನಡ ಓದಲ್ಲ ಅಂತ ನಾವೇ ಶಾಲು ಹೊದ್ದುಕೊಂಡು ಭಾಷಣ ಮಾಡ್ತೀವಿ. ಆ ವಯಸ್ಸಿನ ಹೆಣ್ಣುಮಕ್ಕಳು ಕೈಗೆತ್ತಿಕೊಂಡಿದ್ದನ್ನೆಲ್ಲ 'ಅಡುಗೆಮನೆ ಸಾಹಿತ್ಯ' ಅಂತ ನಾವು ಹೀಯಾಳಿಸಿದ ಕಾಲದಲ್ಲೇ ಅಲ್ಲಿ ಒಬ್ಬರು ಹನ್ನೆರಡು ವರ್ಷದ ಹುಡುಗಿಯ ಮೇಲೆ ಒಂದು ಪುಸ್ತಕ ಬರೆದು, ಇನ್ನೊಂದು ಬರೆದು, ಕೂತಲ್ಲೇ ಕೂತು ತನ್ನ ಓದುಗರನ್ನ ಒಬ್ಬೊಬ್ಬರಾಗಿ ಬೆಳೆಸಿಕೊಂಡರು. 'ಆಗಲ್ಲ' ಅನ್ನೋ ತಾಕತ್ತು ಆಕೆಗೆ ಬಂದಿದ್ದು ಆ ಹುಡುಗಿಯರಿಂದ. ಅವರಿಗಾಗಿಯೇ ಆ ಮುಖ ಬಿಟ್ಟುಕೊಡಲಿಲ್ಲ.

ಮೆಟ್ರೋದಲ್ಲಿ ಪುಸ್ತಕ ಮುಗಿಸಿದ ದಿನ ಅಕ್ಕನಿಗೆ ಫೋನ್ ಮಾಡಿದೆ. ಆ ಬಚ್ಚಲ ಒಲೆಯ ವಿಷಯ ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಒಮ್ಮೆಯೂ ಎತ್ತಿರಲಿಲ್ಲ. "ಆ ಪುಸ್ತಕ ಯಾವುದೇ?" ಅಂತ ಕೇಳಿದೆ. ಅವಳು ನಕ್ಕಳು. ರಟ್ಟು ಕಿತ್ತುಹೋಗಿತ್ತಂತೆ, ಮೊದಲ ಎರಡು ಪುಟವೂ ಇರಲಿಲ್ಲವಂತೆ. ಕಾದಂಬರಿಯ ಹೆಸರು ಗೊತ್ತಿಲ್ಲ, ಬರೆದೋರ ಹೆಸರೂ ಗೊತ್ತಿಲ್ಲ. ಆದರೆ ಕತೆ ಪೂರ್ತಿ ನೆನಪಿದೆ, ಓದಿದಷ್ಟು. ನಾಯಕಿ ಮೀರಾ. ಟೈಪಿಂಗ್ ಕಲಿಯೋಕೆ ಮೈಸೂರಿಗೆ ಬಂದು ಸೋದರತ್ತೆ ಮನೆಯಲ್ಲಿ ಇರ್ತಾಳೆ. ಎದುರು ಮನೆಯಲ್ಲಿ ಕಾಲು ಊನವಾದ ಒಬ್ಬ ಸಂಗೀತದ ಮೇಷ್ಟ್ರು. ಊರಿಂದ ಒಂದು ಕಾಗದ ಬರುತ್ತೆ. ಅವಳು ಅದನ್ನ ಒಡೆಯದೇ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರ್ತಾಳೆ. ಅಕ್ಕ ಹಾಲಿನ ಚೆಂಬು ಎತ್ತಿಕೊಂಡು ಅಟ್ಟದಿಂದ ಇಳಿದಿದ್ದು ಆ ಪುಟದಲ್ಲಿ.

ಅವೆನ್ಯೂ ರೋಡಿನ ಹಳೇ ಪುಸ್ತಕದ ಗುಡ್ಡೆಗಳಲ್ಲಿ ನಾಲ್ಕು ಭಾನುವಾರ ಹುಡುಕಿದೆ, ಸಿಕ್ಕಿಲ್ಲ. ನಿಮ್ಮ ಅಮ್ಮನನ್ನೋ ಚಿಕ್ಕಮ್ಮನನ್ನೋ ಕೇಳಿ ನೋಡಿ. ಗೊತ್ತಿದ್ದರೆ ಹೆಸರು ಹೇಳಿ ಸಾಕು. ಕಾಗದದಲ್ಲಿ ಏನಿತ್ತು ಅಂತ ಹೇಳಬೇಡಿ. ಅದನ್ನ ಅವಳೇ ಓದ್ಕೊಳ್ತಾಳೆ.